ಇರಲಿ ಬಿಡು, ಬೇಕಾದೀತು

ಪೋಕೆಮಾನ್ ಕಾರ್ಡ್ ಆಟಕ್ಕೆ ಡೆಕ್, ಅಂದರೆ ಆಡಲು ಒಯ್ಯುವ ಸ್ವಂತ ಕಾರ್ಡ್ ಕಟ್ಟು, ಕಟ್ಟಿ ಮುಗಿಯಿತೆಂದು ಎಣಿಸಿದರೆ 64 ಕಾರ್ಡ್ ಇರುತ್ತವೆ. ಇರಬೇಕಾದ್ದು ಸರಿಯಾಗಿ 60. ಒಂದು ಹೆಚ್ಚಾದರೂ ನಡೆಯದು, ಒಂದು ಕಡಿಮೆಯಾದರೂ ನಡೆಯದು. ಆ ನಾಲ್ಕನ್ನು ತೆಗೆಯುವ ಹೊತ್ತಿಗೆ ನಮ್ಮೊಳಗಿನ ಅಟ್ಟದ ಯಜಮಾನ ಎದ್ದು ಕೂರುತ್ತಾನೆ. ಹಿಡಿ ಮುರಿದ ಕೊಡೆಯನ್ನೂ ಯಾವ ಬೀಗಕ್ಕೂ ಸೇರದ ಕೀಲಿಯನ್ನೂ ಕಾಪಾಡಿಕೊಂಡು ಬಂದವನು ಆತ. ಇಲ್ಲೂ ಅದೇ ಮಂತ್ರ: ‘ಇರಲಿ ಬಿಡು, ಬೇಕಾದೀತು.’

2023ರಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್ ಡೆಕ್ಕನ್ನೇ ನೋಡಿ. ಚಾರ್ಮ್ಯಾಂಡರ್ 4, ಅದು ವಿಕಸಿಸಿ ಆಗುವ ಚಾರ್ಮೀಲಿಯನ್ 1, ಅದರಾಚೆಯ ಚಾರಿಜಾರ್ಡ್ 3. ಜೊತೆಗೆ ಪಿಡ್ಜಿ 2, ಅದರ ಕೊನೆಯ ರೂಪ ಪಿಡ್ಜಿಯಾಟ್ ಇಎಕ್ಸ್ 2. ನಡುವಿನ ಮೆಟ್ಟಿಲು ಹಾರಿಸಲು ರೇರ್ ಕ್ಯಾಂಡಿ 4. ನೋಡಲು ಅಚ್ಚುಕಟ್ಟು. ಆದರೆ ಬೇಸಿಕ್, ಅಂದರೆ ವಿಕಾಸದ ಮೊದಲ ಮೆಟ್ಟಿಲಿನ, ಪೋಕೆಮಾನ್ ಬರೀ ಆರು; ಅಂಥದ್ದೊಂದಾದರೂ ಇಲ್ಲದೆ ಆಟ ಶುರುವಾಗದು. ಮೊದಲ ಏಳು ಕಾರ್ಡಿನಲ್ಲಿ ಒಂದೂ ಬೇಸಿಕ್ ಬಾರದ ಸಾಧ್ಯತೆ ಶೇ. 46. ಆಗ ಕೈಯಲ್ಲಿನ ಕಾರ್ಡ್‌ಗಳನ್ನು ಎದುರಾಳಿಗೆ ತೋರಿಸಿ, ಕಲೆಸಿ, ಮತ್ತೆ ಏಳು ಎತ್ತಬೇಕು. ಗುಟ್ಟೂ ರಟ್ಟು, ಮೇಲೆ ಅವರಿಗೆ ಒಂದು ಕಾರ್ಡ್ ದಕ್ಷಿಣೆ. ಬೇಸಿಕ್ ಹತ್ತಾದರೆ ಇದು ಶೇ. 26ಕ್ಕೆ, ಹನ್ನೆರಡಾದರೆ 19ಕ್ಕೆ ಇಳಿಯುತ್ತದೆ. ಹಾಗೆಂದು ಸಿಕ್ಕಿದ ಬೇಸಿಕ್ಕನ್ನೆಲ್ಲ ತುಂಬಿದರೆ, ಬೆಂಚಿನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ಕೂರಬೇಕಾದದ್ದು ಮುಂದೆ ನಿಂತು, ಹಿಂದೆ ಸರಿಯಲು ಎನರ್ಜಿ (ದಾಳಿಗೂ ಹಿಂದೆ ಸರಿಯಲೂ ಬೇಕಾಗುವ ಕಾರ್ಡ್) ಇಲ್ಲದೆ ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದಂತಾಗುತ್ತದೆ.

ಎನರ್ಜಿಯದು ಇನ್ನೊಂದು ಮೋಸ. ಕೈಯಿಂದ ಇಟ್ಟು ವಿಕಸಿಸಿದಾಗ ಈ ಚಾರಿಜಾರ್ಡ್ ಡೆಕ್‌ನಿಂದಲೇ ಮೂರರವರೆಗೆ ಬೆಂಕಿ ಎನರ್ಜಿ ಎಳೆದು ಅಂಟಿಸಿಕೊಡುತ್ತದೆ. ಅಂದರೆ ಎನರ್ಜಿ ಡೆಕ್‌ನೊಳಗೆ ಇದ್ದರೆ ಚಿನ್ನ, ಕೈಗೆ ಬಂದರೆ ಹೊರೆ. ಸೋತ ಸಿಟ್ಟಿನಲ್ಲಿ ಆರು ಎನರ್ಜಿಯನ್ನು ಎಂಟು ಮಾಡಿದರೆ ಆ ಹೊರೆಯೇ ಹೆಚ್ಚುತ್ತದೆ.

‘ಒಂದೇ ಒಂದು ಇರಲಿ’ ಎಂಬ ಕಾರ್ಡ್‌ಗಳಿಗೂ ಲೆಕ್ಕವಿದೆ. ಆಟದ ಆರಂಭದಲ್ಲಿ ಆರು ಕಾರ್ಡ್ ಬೋರಲಾಗಿ ಪ್ರೈಜ್ ಸಾಲಿಗೆ, ಅಂದರೆ ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ಎತ್ತಿಕೊಳ್ಳುವ ಬಹುಮಾನದ ಸಾಲಿಗೆ, ಹೋಗುತ್ತವೆ. 60ರಲ್ಲಿ 6, ಒಂಟಿ ಕಾರ್ಡ್ ಅಲ್ಲೇ ಅಡಗಿರುವ ಸಾಧ್ಯತೆ ಶೇ. 10. ಎರಡಿಟ್ಟರೆ ಎರಡೂ ಒಟ್ಟಿಗೆ ಅಲ್ಲಿ ಸೇರುವುದು ಶೇ. 1ಕ್ಕಿಂತ ಕಡಿಮೆ. ಪಿಡ್ಜಿಯಾಟ್ ಪ್ರತಿ ಸರದಿಗೂ ಬೇಕಾದ ಒಂದು ಕಾರ್ಡನ್ನು ಡೆಕ್‌ನಿಂದ ಹುಡುಕಿ ಕೊಡುವುದರಿಂದ ಇಂಥ ಡೆಕ್‌ಗಳಲ್ಲಿ ಒಂಟಿಗಳಿಗೆ ಬೆಲೆ. ಆದರೆ ಪ್ರೈಜಿನಲ್ಲಿರುವುದನ್ನು ಅದೂ ತರಲಾರದು. ಮೊದಲ ಸಲ ಡೆಕ್ ಹುಡುಕುವಾಗಲೇ ಒಂಟಿಗಳ ಹಾಜರಿ ತೆಗೆದುಕೊಳ್ಳಬೇಕು. ಅರವತ್ತನ್ನೂ ನೆನಪಿಡಲು ಹೋದವರು ಎಂಟರಾಚೆ ದಾಟುವುದಿಲ್ಲ, ಅಷ್ಟರಲ್ಲಿ ಎದುರಾಳಿ ಗಡಿಯಾರ ನೋಡತೊಡಗುತ್ತಾರೆ. ಒಂಟಿಗಳು, ಎನರ್ಜಿ, ಮುಖ್ಯ ಪೋಕೆಮಾನ್ ಇಷ್ಟು ಸಾಕು.

ಇನ್ನು ಪರೀಕ್ಷೆ. ಹೊಸ ಕಾರ್ಡ್ ಕೊಳ್ಳುವ ಮೊದಲು ಅದರ ಹೆಸರು ಬರೆದ ಚೀಟಿಯನ್ನು ಹಳೆಯ ಕಾರ್ಡಿನ ಮುಂದೆ ಸ್ಲೀವಿಗೆ (ಕಾರ್ಡಿನ ಪ್ಲಾಸ್ಟಿಕ್ ಕವಚಕ್ಕೆ) ತುರುಕಿ ಮನೆಯಲ್ಲಿ ಆಡಿದರೆ ಜೇಬಿಗೆ ಕ್ಷೇಮ. ಒಮ್ಮೆಗೆ ಒಂದೋ ಎರಡೋ ಬದಲಿಸಬೇಕು. ಸಾರಿಗೆ ಹುಳಿ, ಉಪ್ಪು, ಖಾರ ಮೂರನ್ನೂ ಒಟ್ಟಿಗೆ ಸುರಿದವರಿಗೆ ರುಚಿ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗದು. ಹತ್ತರಲ್ಲಿ ಏಳು ಗೆದ್ದೆವೆಂದು ಕುಣಿಯುವಂತೆಯೂ ಇಲ್ಲ. ನಾಣ್ಯ ಚಿಮ್ಮಿದರೂ ಹತ್ತಕ್ಕೆ ಏಳೋ ಹೆಚ್ಚೋ ತಲೆ ಬೀಳುವುದು ಸುಮಾರು ಆರು ಸರ್ತಿಗೊಮ್ಮೆ. ಗೆಲುವಿಗಿಂತ ಹೆಚ್ಚು ಹೇಳುವುದು, ಆಟ ಮುಗಿದಾಗ ಕೈಯಲ್ಲಿ ಕೊಳೆಯುತ್ತಿದ್ದ ಕಾರ್ಡ್ ಯಾವುದು ಎಂಬ ಗುರುತು. ಮೊದಲು ಆಡಿದ ಆಟಕ್ಕೂ ಎರಡನೆಯವರಾಗಿ ಆಡಿದ್ದಕ್ಕೂ ಬೇರೆ ಬೇರೆ ಪುಟ ಇಡುವುದು ಮೇಲು. ಮೊದಲು ಆಡುವವರು ಮೊದಲ ಸರದಿಯಲ್ಲಿ ದಾಳಿ ಮಾಡುವಂತಿಲ್ಲ, ಸಪೋರ್ಟರ್ ಎಂಬ ಸಹಾಯದ ಕಾರ್ಡನ್ನೂ ಆಡುವಂತಿಲ್ಲ.

ಕೊನೆಗೆ ಸ್ಲೀವ್. ಹಳೆಯ 58ರ ನಡುವೆ ಎರಡು ಮಾತ್ರ ಮಿರಮಿರ ಹೊಳೆದರೆ ಗುರುತು ಹಾಕಿದ ಕಾರ್ಡೆಂದು ತೀರ್ಪುಗಾರರು ದಂಡ ಹಾಕಬಹುದು. ಬದಲಿಸಿದರೆ ಅರವತ್ತನ್ನೂ ಬದಲಿಸಬೇಕು. ಪೋಕೆಮಾನ್‌ನದೇ ಸ್ಲೀವ್ ಪೊಟ್ಟಣದಲ್ಲಿ 65 ಬರುತ್ತವೆ. ಮಿಕ್ಕ ಐದು, ಹರಿದವುಗಳ ಬದಲಿಗೆ. ಕಷ್ಟಪಟ್ಟು ಹೊರಹಾಕಿದ ಆ ನಾಲ್ಕು ಕಾರ್ಡ್ ಅಷ್ಟರೊಳಗೆ ಆ ಮಿಕ್ಕ ಸ್ಲೀವ್‌ಗಳಲ್ಲಿ ಸೇರಿ, ಡಬ್ಬಿಯ ಮೂಲೆಯಲ್ಲಿ ಕೂತಾಗಿರುತ್ತದೆ.