ಹೆಸರು ಗೊತ್ತಿಲ್ಲದವರ ಮೇಲೂ ದಾವೆ ಹೂಡಬಹುದು: ಸ್ಪಷ್ಟನೆ

"ಎದುರಾಳಿಯ ಹೆಸರು, ವಿಳಾಸ ಗೊತ್ತಿಲ್ಲದಿದ್ದರೆ ಸಿವಿಲ್ ಕೋರ್ಟಿಗೆ ಹೋಗುವಂತೆಯೇ ಇಲ್ಲ" ಎಂಬ ಸಂದೇಶ ತುಮಕೂರು, ಗುಬ್ಬಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಸುಮ್ಮನೆ ಕೂತವರಿಗೆ ನಿಜವಾದ ನಷ್ಟವಾಗುತ್ತದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 1ನೇ ನಿಯಮದ ಪ್ರಕಾರ ಪ್ರತಿವಾದಿಯ ಹೆಸರು, ವಿವರ, ವಾಸಸ್ಥಳವನ್ನು ವಾದಿ ತನಗೆ ತಿಳಿದುಕೊಳ್ಳಲು ಸಾಧ್ಯವಾದಷ್ಟು ಕೊಟ್ಟರೆ ಸಾಕು. 2002ರಲ್ಲಿ ಫುಟ್‌ಬಾಲ್ ವಿಶ್ವಕಪ್ಪನ್ನು ಪರವಾನಗಿ ಇಲ್ಲದೆ ತೋರಿಸುತ್ತಿದ್ದ ಅನಾಮಧೇಯ ಕೇಬಲ್ ಆಪರೇಟರ್‌ಗಳ ವಿರುದ್ಧವೂ ದೆಹಲಿ ಹೈಕೋರ್ಟ್ ಆದೇಶ ಕೊಟ್ಟಿತ್ತು. ಹೆಸರು ಗೊತ್ತಿಲ್ಲದವರಿಗೆ ಇಟ್ಟ ಕಲ್ಪಿತ ಹೆಸರಿನಿಂದ ಇಂಥವನ್ನು ವಕೀಲರು 'ಅಶೋಕ್ ಕುಮಾರ್ ಆದೇಶ' ಎನ್ನುತ್ತಾರೆ.

ಹಾಗಂತ "ಯಾರೋ ಒಬ್ಬರು" ಎಂದು ಬರೆದುಕೊಟ್ಟರೆ ಕೆಲಸ ಆಗುವುದಿಲ್ಲ. ತೋಟದ ಬದುವಿನ ಕಲ್ಲು ಕಿತ್ತು ಯಾರೋ ಜೆಸಿಬಿ ಓಡಿಸುತ್ತಿದ್ದಾರೆ ಎನ್ನಿ. ಸರ್ವೆ ನಂಬರ್, ಯಾವ ದಿಕ್ಕಿನ ಬದು, ಯಾವ ದಿನ, ಗಾಡಿಯ ನಂಬರ್, ಫೋಟೊ, ಇಷ್ಟನ್ನಾದರೂ ವಕೀಲರ ಕೈಗೆ ಕೊಡಿ. ಸಮನ್ಸ್ ಯಾರಿಗೆ ತಲುಪಬೇಕು ಎಂಬುದು ಕೋರ್ಟಿಗೆ ತಿಳಿಯಬೇಕಲ್ಲ.

ಹೆಚ್ಚಿನವರು ಎಡವುವುದು ಕಾಲಮಿತಿಯಲ್ಲಿ, ಅಂದರೆ ದಾವೆ ಹೂಡಲು ಕಾನೂನು ಕೊಟ್ಟಿರುವ ಗಡುವಿನಲ್ಲಿ. ಹೆಸರು ಗೊತ್ತಾದ ಮೇಲೆ 1ನೇ ಆದೇಶದ 10ನೇ ನಿಯಮದಡಿ ಆ ವ್ಯಕ್ತಿಯನ್ನು ಸೇರಿಸಬಹುದು. ಆದರೆ 1963ರ ಕಾಲಮಿತಿ ಕಾಯ್ದೆಯ 21ನೇ ಕಲಂ ಪ್ರಕಾರ, ಹೊಸದಾಗಿ ಸೇರಿದ ಪ್ರತಿವಾದಿಯ ಮಟ್ಟಿಗೆ ದಾವೆ ಶುರುವಾಗುವುದು ಸೇರಿಸಿದ ದಿನದಿಂದ. ಆ ವ್ಯಕ್ತಿಯ ಹೆಸರು ಸದುದ್ದೇಶದ ತಪ್ಪಿನಿಂದ ಬಿಟ್ಟುಹೋಗಿತ್ತು ಎಂದು ಮನವರಿಕೆಯಾದರೆ ಮಾತ್ರ ಕೋರ್ಟ್ ಹಿಂದಿನ ದಿನಾಂಕವನ್ನು ಪರಿಗಣಿಸಬಹುದು. ಆದ್ದರಿಂದ ಹೆಸರು ಸಿಕ್ಕ ಕೂಡಲೇ ಅರ್ಜಿ ಹಾಕಿ, ಮುಂದಿನ ವಿಚಾರಣೆಯ ವಾಯಿದೆಗೆ ಕಾಯಬೇಡಿ.