ಮೊದಲು ಮೈಕ್, ಆಮೇಲೆ ಕ್ಯಾಮೆರಾ

ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಫ್ರೆಂಡ್ಸ್ ಎಲ್ಲ ಸೇರಿ ಶಾರ್ಟ್ ಫಿಲಂ ಮಾಡ್ತಿದೀವಿ. ಯಾವ ಕ್ಯಾಮೆರಾ ಬಾಡಿಗೆಗೆ ತರೋಣ?" ಅಂದ. ಕ್ಯಾಮೆರಾ ಯಾವುದಾದರೂ ನಡೆಯುತ್ತೆ, ಕೈಯಲ್ಲಿರೋ ಫೋನೇ ಸಾಕು, ಮೊದಲು ಮೈಕಿಗೆ ದುಡ್ಡು ಎತ್ತಿಡಿ ಅಂದೆ. ಅವನಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

2012ರ ಡಿಸೆಂಬರ್ ಕೊನೆ. ನಾವು ಐದು ಜನ ಹೀಗೇ ಒಂದು ಶಾರ್ಟ್ ಫಿಲಂ ಮಾಡಲು ಹೊರಟಿದ್ದೆವು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಗೆಳೆಯನ ಅಜ್ಜಿಮನೆ. ಕಥೆ ಚಿಕ್ಕದು. ತೋಟ ಮಾರೋಣ ಅಂತ ಹೇಳಲು ಬೆಂಗಳೂರಿಂದ ಬಂದ ಮೊಮ್ಮಗ, ಅಜ್ಜಿಯ ಮುಂದೆ ಬಾಯಿ ಬಿಡಲಾಗದೆ ವಾಪಸ್ ಹೋಗುತ್ತಾನೆ. ಮೊಮ್ಮಗನ ಪಾತ್ರ ಗೆಳೆಯನದು, ಅಜ್ಜಿಯ ಪಾತ್ರಕ್ಕೆ ಅಜ್ಜಿಯೇ. ಮದುವೆ ಫೋಟೋ ತೆಗೆಯುವ ಅಣ್ಣ ಒಬ್ಬರು ತಮ್ಮ ಡಿಎಸ್‌ಎಲ್‌ಆರ್ ಎರಡು ದಿನಕ್ಕೆ ಕೊಟ್ಟರು. ಧನುರ್ಮಾಸ, ಮದುವೆ ಇಲ್ಲ, ಕ್ಯಾಮೆರಾ ಸುಮ್ನೆ ಕೂತಿತ್ತು. ಜಗಲಿಗೆ ಬೆಳಕು ಸಾಲದಿದ್ದಾಗ ಒಂದು ಥರ್ಮೋಕೋಲ್ ಶೀಟ್ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದೆವು. ಚಿತ್ರ ಚೆನ್ನಾಗಿಯೇ ಬಂತು.

ಹೆಗ್ಗೋಡು ನಮಗೆ ದೂರವಲ್ಲ. ಅಲ್ಲಿನ ರಂಗಸಂಸ್ಥೆ ನೀನಾಸಂ ಊರೂರು ಸುತ್ತಿ ಆಡುವ 'ತಿರುಗಾಟ'ದ ನಾಟಕ ನೋಡಿಕೊಂಡೇ ಬೆಳೆದವರು ನಾವು. ಕೊನೆ ಸಾಲಿನವರಿಗೂ ಮಾತು ಮುಟ್ಟಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತಿತ್ತು. ಹಾಗಾಗಿ ಗೆಳೆಯ ಎರಡಡಿ ದೂರದ ಅಜ್ಜಿಯ ಜೊತೆ ಗಟ್ಟಿಯಾಗಿ ಮಾತಾಡಿದ. ಅಜ್ಜಿ ಮಾತ್ರ ದಿನಾ ಮಾತಾಡುವಷ್ಟೇ ಮೆಲ್ಲಗೆ. ಮೂರನೇ ಟೇಕಿಗೆ ಅಜ್ಜಿ, "ಒಂದೇ ಮಾತ ಎಷ್ಟ್ ಸಲ ಹೇಳವು ತಮಾ?" ಅಂದರು.

ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ಕೇಳಿದೆವು. ಹೊಟ್ಟೆಯೊಳಗೆ ತಣ್ಣಗಾಯಿತು. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಸ್ಪಷ್ಟವಾಗಿತ್ತು. ಅಜ್ಜಿಯ ಮಾತು ಇರಲಿಲ್ಲ. ಆ ಕ್ಯಾಮೆರಾದ ಮೈಕ್ ದನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತಿತ್ತು. ಯಾರೂ ಮಾತಾಡದಿದ್ದರೆ ಏರಿಸುತ್ತೆ, ಜೋರಾಗಿ ಮಾತಾಡಿದರೆ ಇಳಿಸುತ್ತೆ. ಗೆಳೆಯ ಮಾತಾಡಿದ ಕೂಡಲೇ ಇಳಿಯೋದು, ಮತ್ತೆ ಏರುವಷ್ಟರಲ್ಲಿ ಅಜ್ಜಿಯ ಉತ್ತರ ಮುಗಿದುಹೋಗಿರೋದು. ನಮ್ಮ ಕಥೆ ಪೂರ್ತಿ ನಿಂತಿದ್ದದ್ದು ಇಬ್ಬರ ನಡುವಿನ ಮೌನದ ಮೇಲೆ. ಆ ಮೌನದ ತುಂಬ ಬರೀ 'ಸ್ಸ್' ಅನ್ನೋ ಸದ್ದು. ಇದನ್ನು ಎಡಿಟಿಂಗಲ್ಲಿ ಸರಿ ಮಾಡೋಣ ಅಂದುಕೊಳ್ಳಬೇಡಿ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಒಂದು ನಿಮಿಷ ಕೂರುವುದಿಲ್ಲ.

ಗೆಳೆಯನ ತಂಗಿ ಸಂಗೀತದ ಪಾಠಕ್ಕೆ ಅಂತ ಒಂದು ಪುಟ್ಟ ರೆಕಾರ್ಡರ್ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಅದನ್ನು ಅಜ್ಜಿಯ ಕವಳದ (ಎಲೆಯಡಿಕೆಯ) ತಟ್ಟೆಯ ಹಿಂದೆ ಮರೆಯಾಗಿ ಇಟ್ಟೆವು. ಪ್ರತಿ ಟೇಕಿಗೂ ಮುಂಚೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ; ಮೂರ್ನಾಲ್ಕು ಫ್ರೇಮ್ ಆಚೀಚೆ ಆದರೂ ತುಟಿಗೂ ಮಾತಿಗೂ ತಾಳೆ ಆಗಲ್ಲ. ಆ ಚಪ್ಪಾಳೆಯ ಸದ್ದು ಹಿಡಿದೇ ಕ್ಯಾಮೆರಾದ ಚಿತ್ರವನ್ನೂ ರೆಕಾರ್ಡರಿನ ದನಿಯನ್ನೂ ಹೊಂದಿಸಿದ್ದು. ಅಡಿಕೆ ಸುಲಿಯುವವರು ಪಾಪ, ನಮಗೋಸ್ಕರ ಚಹಾ ಕುಡಿಯುವ ಹೊತ್ತನ್ನೇ ಹಿಂದೆ ಮುಂದೆ ಮಾಡಿಕೊಂಡರು. ಅವರ ಋಣ ದೊಡ್ಡದು.

ಕೊನೆಯ ದೃಶ್ಯಕ್ಕೆ ಮೊಮ್ಮಗನ ಮಾತು ಅರ್ಧ ಪುಟ ಬರೆದಿದ್ದೆ. ಹೇಳಿದ, ಕಟ್ ಅಂದೆವು. ರೆಕಾರ್ಡರ್ ನಿಲ್ಲಿಸಲು ಮರೆತಿದ್ದೆವು. ವಾರದ ನಂತರ ಎಡಿಟಿಂಗಿಗೆ ಕೂತಾಗ ಕಟ್ ಆದಮೇಲಿನ ದನಿ ಸಿಕ್ಕಿತು. ಅಡಕತ್ತರಿ 'ಕಟಕ್' ಅನ್ನುತ್ತೆ. ಗೆಳೆಯ ನಿಜವಾಗಿಯೂ ರಾತ್ರಿ ಬಸ್ಸಿಗೆ ಹೊರಡಬೇಕಿತ್ತು, ಏಳುತ್ತಾನೆ, ಬಾಗಿಲ ಸದ್ದು. ಆಮೇಲೆ ಅಜ್ಜಿ, ಯಾವ ಕ್ಯಾಮೆರಾನೂ ತಮ್ಮನ್ನು ನೋಡುತ್ತಿಲ್ಲ ಅನ್ನೋ ದನಿಯಲ್ಲಿ, "ಊಟ ಮಾಡ್ಕಂಡೇ ಹೋಗು ತಮಾ."

ನನ್ನ ಅರ್ಧ ಪುಟ ಪೂರ್ತಿ ತೆಗೆದೆ. ಖಾಲಿ ಜಗಲಿ, ಅದರ ಮೇಲೆ ಆ ಒಂದು ಮಾತು. ನಮ್ಮ ಒಂಬತ್ತು ನಿಮಿಷದ ಸಿನಿಮಾ ಅಲ್ಲಿಗೆ ಮುಗಿಯುತ್ತೆ.

ತಮ್ಮಾ, ಇದನ್ನು ಓದ್ತಿದ್ರೆ: ನನ್ನ ಹತ್ತಿರ ಈಗ ಒಂದು ರೆಕಾರ್ಡರ್ ಇದೆ. ಶೂಟಿಂಗ್ ಹಿಂದಿನ ದಿನ ಬಂದು ತಗೊಂಡು ಹೋಗು. ಹೊಸ ಸೆಲ್ ಹಾಕಿಟ್ಟಿರ್ತೀನಿ.