ಪ್ಯಾಕೆಟ್ ಮೇಲೆ ಸಾವಯವ, ಜಾಡಿಯೊಳಗೆ ಬಣ್ಣದ ನೀರು

ಮೂರು ದಿನ ತಡೆದುಕೊಂಡೆ. ಇವತ್ತು ಬೆಳಿಗ್ಗೆ ಮತ್ತೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ನೋಡಿದೆ, ಹೊಟ್ಟೆ ಉರಿದು ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ರಿಪ್ಪನ್‌ಪೇಟೆ ಕಡೆಯಿಂದ 300 ಜೀರಿಗೆ ಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ತರಿಸಿದ್ದೆ. ತೊಟ್ಟು ಮುರಿಯದ ಹಾಗೆ ಒಂದೊಂದನ್ನೇ ತೊಳೆದು ಒರೆಸಿ, ಹರಳುಪ್ಪಿನಲ್ಲಿ ಹದಿನೈದು ದಿನ ಇಟ್ಟು, ಮಿಡಿ ಚೆನ್ನಾಗಿ ಚಿರುಟಿದ ಮೇಲೆ ಉಪ್ಪುನೀರು ಬಸಿದು, ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಸಾಸಿವೆ ಅರಿಶಿನ ಮೆಣಸಿನ ಪುಡಿ ಕಲಸಿ ಹಾಕಬೇಕು. ಮಿಡಿ ಹಾಕಿದವರಿಗೆ ಗೊತ್ತು ಇದು ಎಷ್ಟು ದಿನದ ಕೆಲಸ ಅಂತ. ಪ್ರತಿ ವರ್ಷ ಮೆಣಸಿನ ಪುಡಿ ತೀರ್ಥಹಳ್ಳಿಯಿಂದ ಅಮ್ಮ ಕಳಿಸುತ್ತಿದ್ದಳು. ಈ ವರ್ಷ ಅವಳಿಗೆ ಮಂಡಿನೋವು. ಮೆಣಸು ಅಂಗಳಕ್ಕೆ ಹಾಕಿ ಸಂಜೆ ಒಳಗೆ ತರಲು ಆಗಲಿಲ್ಲ. ನಾನೇ ಇಲ್ಲಿ ಶಿವಮೊಗ್ಗದಲ್ಲಿ ತೆಗೆದುಕೊಳ್ಳುತ್ತೇನೆ ಬಿಡು ಅಂದೆ. ಮಿಡಿಗೆ ಹಾಕುವುದು, ವರ್ಷಗಟ್ಟಲೆ ಮಕ್ಕಳು ತಿನ್ನುವುದು, ಒಳ್ಳೆಯದೇ ಇರಲಿ ಅಂತ ಸಾವಯವ ಅಂಗಡಿಗೇ ಹೋದೆ. ಬ್ಯಾಡಗಿ ಮೆಣಸಿನ ಪುಡಿ, ಕಾಲು ಕೆಜಿಗೆ 260 ರೂಪಾಯಿ. ಮಾಮೂಲಿ ಅಂಗಡಿಯ ಪುಡಿಗೆ ಇದರ ಅರ್ಧವೂ ಇಲ್ಲ. ಆದರೂ ಎರಡು ಪ್ಯಾಕೆಟ್ ತಂದೆ.

ಕಲಸಿ ಎರಡನೇ ದಿನಕ್ಕೆ ಜಾಡಿಯ ರಸ ಕುಂಕುಮ ಕರಗಿಸಿದ ಹಾಗೆ ಕೆಂಪು. ಸಾಸಿವೆ ಹಾಕಿದ ಮಿಡಿ ರಸ ಯಾವತ್ತೂ ಆ ಬಣ್ಣಕ್ಕೆ ಬರುವುದಿಲ್ಲ, ಮಣ್ಣುಗೆಂಪು ಇರುತ್ತದೆ. ಒಂದು ಮಿಡಿ ತೆಗೆದು ಕಚ್ಚಿದರೆ ಗೊರಟಿನವರೆಗೂ ಗುಲಾಬಿ ಬಣ್ಣ! ಖಾರ ಇಲ್ಲ, ಘಮ ಇಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಒಂದು ನಿಮಿಷ ಸುಮ್ಮನೆ ನೋಡಿದಳು. "ಎಂತದೇ ಇದು ಮಾರಾಯ್ತಿ, ಅಂಗಡಿ ಪುಡಿ ಹಾಕಿದ್ಯನೇ?" ಅಂದಳು. ಆ ಮಾತು ಕೇಳಿ ಅಳುವೇ ಬಂತು.

ಆಮೇಲೆ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಮೇಲಿನಿಂದ ಅರ್ಧ ಚಮಚ ಪುಡಿ ಉದುರಿಸಿದೆ. ಕಲಕಲಿಲ್ಲ. ಪುಡಿ ಕೆಳಗಿಳಿಯುವಾಗ ಹಿಂದೆಯೇ ಕೆಂಪು ಎಳೆಗಳು ದಾರ ಬಿಟ್ಟ ಹಾಗೆ ಇಳಿದವು. ಹತ್ತು ನಿಮಿಷಕ್ಕೆ ನೀರೆಲ್ಲ ಕೆಂಪು. ನೀರು ಚೆಲ್ಲಿ ತಳದಲ್ಲಿದ್ದದ್ದನ್ನು ಬೆರಳಲ್ಲಿ ಉಜ್ಜಿದರೆ ಜರಜರ ಅನ್ನುತ್ತದೆ. ನಮ್ಮ ಡಬ್ಬಿಯಲ್ಲಿ ಉಳಿದಿದ್ದ ಅಮ್ಮನ ಹಳೇ ಪುಡಿಯನ್ನೂ ಇನ್ನೊಂದು ಲೋಟಕ್ಕೆ ಹಾಕಿದೆ. ನೀರು ಸ್ವಲ್ಪ ಮಬ್ಬಾಯಿತು, ಅಷ್ಟೇ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಡುವ ಬಣ್ಣ, ನೀರಿನಲ್ಲಿ ಬಿಡುವುದಲ್ಲ. ಒಗ್ಗರಣೆಗೆ ಮೆಣಸು ಹಾಕಿದರೆ ಎಣ್ಣೆ ಕೆಂಪಾಗುತ್ತದೆ, ದಿನಾ ನೋಡುತ್ತೇವೆ ಅಲ್ವಾ? ತಣ್ಣೀರಿಗೆ ಹಾಕಿದ ತಕ್ಷಣ ಎಳೆ ಎಳೆಯಾಗಿ ಕೆಂಪು ಇಳಿಯುತ್ತದೆ ಅಂದರೆ ಅದು ಬೆರೆಸಿದ ಬಣ್ಣ. ಬ್ಯಾಡಗಿ ಮೆಣಸಿಗೆ ಬಣ್ಣದಿಂದಲೇ ಹೆಸರು. 2011ರಲ್ಲಿ ಆ ಸೀಮೆಯದೇ ಬೆಳೆ ಅನ್ನುವ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅಂಥ ಮೆಣಸಿಗೂ ಬಣ್ಣ ಬೆರೆಸುತ್ತಾರೆ ಅಂದರೆ ಒಳಗೆ ಇರುವುದು ಬ್ಯಾಡಗಿಯೇ ಅಂತ ಹೇಗೆ ನಂಬಲಿ?

ಪ್ಯಾಕೆಟ್ ಹಿಡಿದುಕೊಂಡು ಅಂಗಡಿಗೆ ಹೋದೆ. ಅಲ್ಲಿ ಕೂತವರು ಹೇಳಿದ್ದು ಕೇಳಿ. "ಸಾವಯವ ಅಲ್ವಾ ಮೇಡಂ, ಕೆಮಿಕಲ್ ಇಲ್ಲ, ಅದಕ್ಕೇ ಬಣ್ಣ ಗಟ್ಟಿ ನಿಲ್ಲಲ್ಲ." ಎಷ್ಟು ಧೈರ್ಯ ನೋಡಿ. ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದೆ. ಪ್ಯಾಕೆಟ್ ಮೇಲಿದ್ದ ಹಸಿರು ಚುಕ್ಕೆ ತೋರಿಸಿದರು. ಅದು ಸಸ್ಯಾಹಾರ ಅನ್ನುವ ಗುರುತು ಸ್ವಾಮಿ! ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ. ಆಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ತೋರಿಸಿದರು. ಆ 14 ಅಂಕಿಯ ನಂಬರ್ ಆಹಾರ ವ್ಯಾಪಾರ ಮಾಡುವ ಲೈಸೆನ್ಸ್, ಬೆಳೆ ಸಾವಯವ ಅಂತ ಹೇಳುವುದಲ್ಲ. ಸಾವಯವ ಅಂತ ಪ್ಯಾಕ್ ಮಾಡಿ ಅಂಗಡಿಯಲ್ಲಿ ಮಾರಬೇಕಾದರೆ 2017ರ ನಿಯಮ ಇದೆ. ಜೈವಿಕ್ ಭಾರತ್ ಅನ್ನುವ ಸರ್ಕಾರಿ ಗುರುತು ಬೇಕು, ಜೊತೆಗೆ ಸಾವಯವ ಅಂತ ಪರಿಶೀಲಿಸಿ ಕೊಡುವ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಪ್ರಮಾಣಪತ್ರ ಬೇಕು. ನನ್ನ ಪ್ಯಾಕೆಟ್ ಮೇಲೆ ಇವು ಯಾವುದೂ ಇಲ್ಲ. ಎರಡು ಎಲೆ ಚಿತ್ರ, ಒಂದು ಎತ್ತಿನ ಗಾಡಿ, "ಅಜ್ಜಿಯ ಕಾಲದ ರುಚಿ" ಅನ್ನುವ ಸಾಲು. ಬೆಳೆದ ಊರಿನ ಹೆಸರು ಕೂಡ ಇಲ್ಲ. ಇದನ್ನು ಕೊಳ್ಳುವ ಮೊದಲೇ ನೋಡಬೇಕಿತ್ತು. ಅಂಗಡಿ ಬೋರ್ಡ್ ನಂಬಿ ಬಂದೆ.

ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಸಾವಯವ ಅಂದರೆ ಮುಖ್ಯವಾಗಿ ಗದ್ದೆ ತೋಟದಲ್ಲಿ ಹೇಗೆ ಬೆಳೆದರು ಅನ್ನುವುದು. ಪ್ಯಾಕೆಟ್ ಮೇಲೆ ಹಾಗೆ ಬರೆದ ಮಾತ್ರಕ್ಕೆ ಗಿರಣಿಯಲ್ಲಿ ಏನು ಬೆರೆಸಿದರು ಅನ್ನುವುದು ಗೊತ್ತಾಗುವುದಿಲ್ಲ. ಇಡೀ ಮೆಣಸು, ಇಡೀ ಕೊತ್ತಂಬರಿ, ಅರಿಶಿನ ಕೊಂಬು ಕೈಯಲ್ಲಿ ಹಿಡಿದರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಗೊತ್ತಾಗುತ್ತದೆ. ಪುಡಿ ಆದ ಮೇಲೆ ಇಟ್ಟಿಗೆ ಪುಡಿ, ಮರದ ಹೊಟ್ಟು ಎಲ್ಲ ಒಂದೇ. ಅರಿಶಿನದ ಕಥೆ ಇನ್ನೂ ಕೆಟ್ಟದು. ಹಳದಿ ಹೊಳಪಿಗೆ ಲೆಡ್ ಕ್ರೋಮೇಟ್ ಸೇರಿಸುವುದು ಸಿಕ್ಕಿಬಿದ್ದಿದೆ. ಅದರಲ್ಲಿ ಸೀಸ ಇರುತ್ತದೆ, ಸೀಸ ಮಕ್ಕಳ ಮಿದುಳಿಗೆ ಹೊಡೆತ. ಅದು ನೀರಲ್ಲಿ ಕರಗುವುದಿಲ್ಲ, ಹಾಗಾಗಿ ಲೋಟದ ಪರೀಕ್ಷೆ ಮಾಡಿ ಸರಿ ಇದೆ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ.

"ಮನೆಯಲ್ಲೇ ಪುಡಿ ಮಾಡಿಕೊಳ್ಳಿ" ಅಂತ ಹೇಳಲು ಬರಬೇಡಿ. ಗೊತ್ತು. ಮಲೆನಾಡಿನಲ್ಲಿ ಮೆಣಸು ಒಣಗಿಸಲು ಸಿಗುವುದೇ ಯುಗಾದಿ ಆಚೆ ಈಚೆಯ ಬಿಸಿಲು. ಜೂನ್ ಬಂದರೆ ಬಟ್ಟೆಯೇ ಒಣಗುವುದಿಲ್ಲ, ಮೆಣಸು ಎಲ್ಲಿ ಒಣಗುತ್ತದೆ? ಮೊದಲು ಒಲೆ ಮೇಲೆ ಅಟ್ಟ ಇತ್ತು, ಹೊಗೆಯಲ್ಲಿ ಬೆಚ್ಚಗೆ ಇರುತ್ತಿತ್ತು. ಈಗ ಬಾಡಿಗೆ ಮನೆ, ಎರಡನೇ ಮಹಡಿ, ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಡಬೇಕು. ಮಿಕ್ಸಿಯಲ್ಲಿ ಮೆಣಸು ತಿರುವಿದರೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ನಮ್ಮಂಥವರು ಜಾಸ್ತಿ ದುಡ್ಡು ಕೊಟ್ಟು ತರುವುದು ಶೋಕಿಗಲ್ಲ, ಬೇರೆ ದಾರಿ ಇಲ್ಲ ಅಂತ. ಆ ಅಸಹಾಯಕತೆಯ ಮೇಲೇ ಇವರ ವ್ಯಾಪಾರ.

ಇದಕ್ಕಿಂತ ಹೊಟ್ಟೆ ಉರಿಯುವುದು ಏನು ಗೊತ್ತಾ? ನಮ್ಮೂರಲ್ಲೇ ನಿಜವಾಗಿ ಗೊಬ್ಬರ ಸೊಪ್ಪು ಹಾಕಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದವರು ಇದ್ದಾರೆ. ಬಳ್ಳಿಯಂಥ ಬಹುವಾರ್ಷಿಕ ಬೆಳೆಗೆ ಪ್ರಮಾಣಪತ್ರ ಬೇಕಾದರೆ ಮೂರು ವರ್ಷ ಕಾಯಬೇಕು, ದಾಖಲೆ ಬರೆದಿಡಬೇಕು. ಅಷ್ಟು ನಿಯತ್ತಾಗಿ ಬೆಳೆದು ಅವರು ಸಂತೆಯಲ್ಲಿ ಮಾಮೂಲಿ ದರಕ್ಕೆ ಕೊಡುತ್ತಾರೆ. ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರು. ಆ ಮೆಣಸು ಬೆಳೆಯುವ ಸೀಮೆಯಲ್ಲಿ ಕೂತು, ಎಲ್ಲಿಯದೋ ಪಪಾಯಿ ಬೀಜ ಬೆರೆತ ಕಾಳುಮೆಣಸಿನ ಪುಡಿಗೆ ಎರಡರಷ್ಟು ದುಡ್ಡು ಕೊಡಬೇಕಾ?

ಮೇಲಿನವರೂ ಗಟ್ಟಿಯಾಗಿ ಕೇಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ನಮ್ಮ ದೇಶದ ಕೆಲವು ಮಸಾಲೆ ಪುಡಿಗಳಲ್ಲಿ ಕ್ರಿಮಿ ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕ ಇದೆ ಅಂತ ಅಂಗಡಿಯಿಂದ ತೆಗೆಸಿದರು. ಆಮೇಲೆ ಇಲ್ಲಿ ಗಲಾಟೆ ಎದ್ದಿತು. ಹೊರಗಿನವರು ಹಿಡಿದ ಮೇಲೇ ನಮಗೆ ಎಚ್ಚರ ಆಗಬೇಕಾ?

ಅಂಗಡಿಯವರು ಕೊನೆಗೆ ಪುಡಿಯ ದುಡ್ಡು ವಾಪಸ್ ಕೊಡುತ್ತೇನೆ ಅಂದರು. 520 ರೂಪಾಯಿ. ಮಿಡಿಗೆ? ಹದಿನೈದು ದಿನಕ್ಕೆ? ದುಡ್ಡು ತೆಗೆದುಕೊಳ್ಳಲಿಲ್ಲ. ಒಡೆಯದ ಇನ್ನೊಂದು ಪ್ಯಾಕೆಟ್ ಹಾಗೇ ಇದೆ, ಬಿಲ್ ಇದೆ, ಲೋಟದ ಫೋಟೋ ಇದೆ. ಸೋಮವಾರ ರಜೆ ಹಾಕಿ ಆಹಾರ ಸುರಕ್ಷತೆಯವರಿಗೆ ದೂರು ಬರೆದು ಕೊಡುತ್ತೇನೆ.

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮೆಣಸನ್ನು ಎದುರಲ್ಲೇ ಹಾಕಿ ಪುಡಿ ಮಾಡಿ ಕೊಡುವವರು ಇದ್ದರೆ ದಯವಿಟ್ಟು ಹೇಳಿ, ನಾನೇ ಬಸ್ಸಲ್ಲಿ ಬರುತ್ತೇನೆ. ಜಾಡಿ ಇನ್ನೂ ಕಟ್ಟೆ ಮೇಲೇ ಇದೆ. ತಿಪ್ಪೆಗೆ ಸುರಿಯಬೇಕು ಅಂತ ನಿನ್ನೆಯಿಂದ ಎರಡು ಸಲ ಎತ್ತಿ ಮತ್ತೆ ಅಲ್ಲೇ ಇಟ್ಟಿದ್ದೇನೆ.